ಗಾಡಿಯೇ ಮನೆಯಾದರೆ ಆರೋಗ್ಯ ವಿಮೆ: ಮೊದಲು ಪ್ಲಾನ್ ನೋಡಿ, ಆಮೇಲೆ ವಿಳಾಸ

ಅಮೆರಿಕದಲ್ಲಿ ನಮ್ಮವರೂ ಈಗೀಗ ಬಾಡಿಗೆ ಮನೆ ಬಿಟ್ಟು ಆರ್‌ವಿ, ಅಂದರೆ ಒಳಗೇ ಸಂಸಾರ ಮಾಡುವಂಥ ಮನೆಗಾಡಿ, ಹತ್ತುತ್ತಿದ್ದಾರೆ. ಕೆಲಸ ಲ್ಯಾಪ್‌ಟಾಪ್‌ನಲ್ಲಿ, ಸಂಸಾರ ಚಕ್ರದ ಮೇಲೆ. ನಾನು, ನಮ್ಮ ಯಜಮಾನರು ನಾಲ್ಕು ವರ್ಷ ಹೀಗೇ ಇದ್ದೆವು. ಹೊರಡುವ ಮುಂಚೆ ಫೋನ್ ಮಾಡುವ ಹುಡುಗರು ಸೋಲಾರ್ ಬಗ್ಗೆ ಕೇಳುತ್ತಾರೆ, ಇಂಟರ್ನೆಟ್ ಬಗ್ಗೆ ಕೇಳುತ್ತಾರೆ, ಮಿಕ್ಸಿ ಹಾಕಿದರೆ ಕರೆಂಟ್ ತಡೆಯುತ್ತಾ ಅಂತ ಕೇಳುತ್ತಾರೆ. ಆರೋಗ್ಯ ವಿಮೆ ಯಾರಿಗೂ ನೆನಪಾಗುವುದಿಲ್ಲ. ನಮಗೂ ಆಗಿರಲಿಲ್ಲ.

ಮೊದಲು ವೀಸಾ ಮಾತು. ನೀವು ಎಚ್-1ಬಿಯಲ್ಲಿದ್ದರೆ ಈ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಕೆಲಸದ ಜಾಗ ಅರ್ಜಿಯಲ್ಲಿ ಬರೆದಿರುತ್ತದೆ. ಆ ಊರಿನ ಸುತ್ತಲ ವ್ಯಾಪ್ತಿ ದಾಟಿ ಬೇರೆ ಕಡೆ ಕೂತು ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ವಾರಕ್ಕೊಂದು ರಾಜ್ಯ ಅಂದರೆ ಅದು ಆಗದ ಮಾತು. ಗ್ರೀನ್ ಕಾರ್ಡ್ ಬಂದವರು, ಪೌರತ್ವ ಸಿಕ್ಕವರು ಧೈರ್ಯವಾಗಿ ಹೊರಡಬಹುದು. ಆದರೆ ಗ್ರೀನ್ ಕಾರ್ಡ್‌ನವರೂ ವಿಳಾಸ ಬದಲಾದರೆ 10 ದಿನದೊಳಗೆ ಎಆರ್-11 ಫಾರಂ ತುಂಬಬೇಕು. ಇನ್ನೊಂದು ಮಾತು. ಹೊಸ ರಾಜ್ಯದಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಪೌರತ್ವ ಇಲ್ಲದಿದ್ದರೆ ಬೇಡ ಎಂದೇ ಗುರುತು ಹಾಕಿ. ಗೊತ್ತಿಲ್ಲದೆ ಟಿಕ್ ಮಾಡಿದ್ದೂ ಮುಂದೆ ಪೌರತ್ವದ ಅರ್ಜಿಗೆ ದೊಡ್ಡ ತೊಡಕಾಗುತ್ತದೆ.

ಈಗ ಮುಖ್ಯ ವಿಷಯ. ಗಾಡಿಯಲ್ಲೇ ಇರುವವರಿಗೂ ಕಾನೂನಿನ ಲೆಕ್ಕಕ್ಕೆ ಒಂದು ರಾಜ್ಯ ಬೇಕು. ಲೈಸೆನ್ಸ್, ಗಾಡಿಯ ನೋಂದಣಿ, ತೆರಿಗೆ ಎಲ್ಲ ಅದರ ಮೇಲೆ. ಹೆಚ್ಚಿನವರು ಆರಿಸುವುದು ಸೌತ್ ಡಕೋಟಾ, ಟೆಕ್ಸಾಸ್, ಇಲ್ಲವೇ ಫ್ಲೋರಿಡಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಅಂಚೆ ತೆಗೆದುಕೊಂಡು ನೀವಿದ್ದಲ್ಲಿಗೆ ಕಳಿಸಿಕೊಡುವ ಸೇವೆಗಳೂ ಇವೆ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿನ ವಿಳಾಸ ಇಟ್ಟುಕೊಂಡು ದೇಶವೆಲ್ಲ ಸುತ್ತುವವರು ಸಾವಿರಾರು ಜನ ಇದ್ದಾರೆ. ನಾವೂ ತೆರಿಗೆ ಉಳಿಯುತ್ತದೆ ಅಂತ ಟೆಕ್ಸಾಸ್ ಹಿಡಿದೆವು.

ನಮ್ಮ ತಪ್ಪು ಆಗಿದ್ದು ಅಲ್ಲೇ. ಇಲ್ಲಿ ಸ್ವಂತ ದುಡ್ಡಿನಲ್ಲಿ ವಿಮೆ ಕೊಳ್ಳುವವರಿಗೆ ಸಿಗುವ ಪ್ಲಾನ್ ಯಾವುದು ಅನ್ನುವುದು ವಿಳಾಸದ ಮೇಲೆ ನಿಂತಿದೆ. ರಾಜ್ಯ ಮಾತ್ರ ಅಲ್ಲ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಬದಲಾದರೂ ಪ್ಲಾನ್ ಬದಲು, ಬೆಲೆ ಬದಲು. ಟೆಕ್ಸಾಸ್‌ನಲ್ಲಿ 2016ರಿಂದ ಹೀಗೆ ಕೊಳ್ಳುವವರಿಗೆ ಪಿಪಿಒ ಎಂಬ ಬಗೆಯ ಪ್ಲಾನ್ ಸಿಗುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ನಮಗೆ ಸಿಕ್ಕಿದ್ದು ಎಚ್‌ಎಂಒ ಎಂಬ ಇನ್ನೊಂದು ಬಗೆ. ಕಾರ್ಡ್ ಕೈಗೆ ಬಂತು, ನಿಶ್ಚಿಂತೆ ಅಂದುಕೊಂಡೆವು.

ಎಚ್‌ಎಂಒ ಅಂದರೆ ಪ್ಲಾನಿನ ನೆಟ್‌ವರ್ಕ್‌ನಲ್ಲಿರುವ, ಅಂದರೆ ವಿಮೆ ಕಂಪನಿಯ ಜೊತೆ ಒಪ್ಪಂದ ಇರುವ, ಡಾಕ್ಟರ ಹತ್ತಿರವೇ ಹೋಗಬೇಕು. ತಜ್ಞರನ್ನು ಕಾಣಲು ಹೆಚ್ಚಾಗಿ ಮನೆ ಡಾಕ್ಟರ ಚೀಟಿ ಬೇಕು. ನಮ್ಮೂರಲ್ಲಿ ಕಿವಿ ನೋವು ಅಂದರೆ ಸೀದಾ ಕಿವಿ ಡಾಕ್ಟರ ಹತ್ತಿರ ಹೋಗಿ ಟೋಕನ್ ತಗೊಂಡು ಕೂರುತ್ತೇವೆ, ಅಲ್ವಾ? ಅದು ಇಲ್ಲಿ ನಡೆಯುವುದಿಲ್ಲ. ಇಪಿಒ ಎಂಬ ಮತ್ತೊಂದು ಬಗೆಯಲ್ಲಿ ಚೀಟಿಯ ಕಾಟ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ನೆಟ್‌ವರ್ಕ್ ದಾಟುವಂತಿಲ್ಲ. ಪಿಪಿಒದಲ್ಲಿ ಹೊರಗೆ ಹೋದರೂ ಒಂದು ಪಾಲು ಕೊಡುತ್ತಾರೆ. ತುರ್ತು ಚಿಕಿತ್ಸೆಯನ್ನು ಮಾತ್ರ ಮಾರ್ಕೆಟ್‌ಪ್ಲೇಸ್ (ಸ್ವಂತ ವಿಮೆ ಕೊಳ್ಳಲು ಸರ್ಕಾರ ನಡೆಸುವ ತಾಣ) ಪ್ಲಾನ್‌ಗಳೆಲ್ಲ ದೇಶದ ಯಾವ ಮೂಲೆಯಲ್ಲಾದರೂ ಒಪ್ಪಿಕೊಳ್ಳಬೇಕು.

2021ರಲ್ಲಿ ನಾವು ನ್ಯೂ ಮೆಕ್ಸಿಕೋದ ಗ್ಯಾಲಪ್ ಹತ್ತಿರ ಇದ್ದೆವು. ರಾತ್ರಿ ಎರಡು ಗಂಟೆಗೆ ನಮ್ಮೋರಿಗೆ ಸೊಂಟದಲ್ಲಿ ನೋವು ಶುರುವಾಯಿತು. ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಕಿಡ್ನಿಯಲ್ಲಿ ಕಲ್ಲು. ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡರು, ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು. ಅಷ್ಟಕ್ಕೆ ವಿಮೆ ಒಪ್ಪಿತು. ಎರಡು ವಾರ ಬಿಟ್ಟು ಸ್ಟೆಂಟ್ ತೆಗೆಸಬೇಕು ಎಂದರು. ವಿಮೆ ಕಂಪನಿಗೆ ಫೋನ್ ಮಾಡಿದರೆ, ಅದು ಈಗ ತುರ್ತು ಅಲ್ಲ, ಟೆಕ್ಸಾಸ್‌ಗೆ ಬನ್ನಿ ಎಂದರು. ನೋವಿನಲ್ಲಿ ಇದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮಾರು ಸಾವಿರ ಮೈಲಿ ನಾನೊಬ್ಬಳೇ ಗಾಡಿ ಓಡಿಸಿದೆ. ದಾರಿಯಲ್ಲಿ ಪ್ರತಿ ಗುಂಡಿಗೂ ಅವರು ಹಲ್ಲು ಕಚ್ಚುತ್ತಿದ್ದರು. ಆ ಮೂರು ದಿನ ನಿಮಗ್ಯಾರಿಗೂ ಬೇಡ. ತಿಂಗಳಾದ ಮೇಲೆ ಎಮರ್ಜೆನ್ಸಿ ಡಾಕ್ಟರದ್ದೇ ಪ್ರತ್ಯೇಕ ಬಿಲ್ ಬಂತು. ಆಸ್ಪತ್ರೆ ಬೇರೆ, ಅಲ್ಲಿ ನೋಡಿದ ಡಾಕ್ಟರು ಬೇರೆ ಲೆಕ್ಕವಂತೆ.

ಆ ಬಿಲ್ಲಿನ ಕಥೆ ಈಗ ಬದಲಾಗಿದೆ. 2022ರ ಜನವರಿ 1ರಿಂದ ನೋ ಸರ್ಪ್ರೈಸಸ್ ಆಕ್ಟ್ ಜಾರಿಯಲ್ಲಿದೆ. ತುರ್ತು ಚಿಕಿತ್ಸೆಗೆ ನೆಟ್‌ವರ್ಕ್ ಹೊರಗಿನವರು ಹೀಗೆ ಉಳಿಕೆ ಹಣ (ಅವರ ಬಿಲ್ಲಿಗೂ ವಿಮೆ ಒಪ್ಪಿದ ಮೊತ್ತಕ್ಕೂ ಇರುವ ವ್ಯತ್ಯಾಸ) ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಏರ್ ಆಂಬ್ಯುಲೆನ್ಸ್ ಕೂಡ ಇದರಲ್ಲಿ ಸೇರಿದೆ. ನೆಲದ ಮೇಲೆ ಓಡುವ ಆಂಬ್ಯುಲೆನ್ಸ್ ಸೇರಿಲ್ಲ, ಇದನ್ನು ನೆನಪಿಡಿ. ನೋವು ಹಿಡಿತಕ್ಕೆ ಬಂದ ಮೇಲೆ ಕೆಲವು ಕಡೆ ಒಂದು ಒಪ್ಪಿಗೆ ಪತ್ರ ಮುಂದಿಡುತ್ತಾರೆ. ಅದಕ್ಕೆ ಸಹಿ ಹಾಕಿದರೆ ಮುಂದಿನ ಚಿಕಿತ್ಸೆಗೆ ಈ ರಕ್ಷಣೆ ಬಿಟ್ಟುಕೊಟ್ಟ ಹಾಗೆ. ಓದದೆ ಸಹಿ ಹಾಕಬೇಡಿ. ವಿಮೆ ಇರಲಿ ಇಲ್ಲದಿರಲಿ, ಎಮರ್ಜೆನ್ಸಿಗೆ ಬಂದವರನ್ನು ಪರೀಕ್ಷಿಸಿ ಸ್ಥಿರಗೊಳಿಸಬೇಕು ಅಂತ 1986ರ ಕಾನೂನೇ ಇದೆ. ದುಡ್ಡಿನ ಭಯಕ್ಕೆ ಎದೆನೋವು ಇಟ್ಟುಕೊಂಡು ಗಾಡಿಯಲ್ಲೇ ಮಲಗಬೇಡಿ, ದಯವಿಟ್ಟು.

ಆದರೆ ತುರ್ತಿನ ನಂತರದ ಚಿಕಿತ್ಸೆಯ ಕಥೆ ಬದಲಾಗಿಲ್ಲ. ಅದು ಇಂದಿಗೂ ನೆಟ್‌ವರ್ಕ್ ಮೇಲೇ ನಿಂತಿದೆ. ಹಾಗಾಗಿ ನನ್ನ ಸಲಹೆ ಹೀಗೆ. ರಾಜ್ಯ ಆರಿಸುವ ಮುಂಚೆ ಮಾರ್ಕೆಟ್‌ಪ್ಲೇಸ್‌ನ ಹೆಲ್ತ್‌ಕೇರ್ ಡಾಟ್ ಗವ್ ತೆರೆಯಿರಿ. ಖಾತೆ ಇಲ್ಲದೆಯೇ ಪ್ಲಾನ್‌ಗಳನ್ನು ನೋಡಬಹುದು. ನೀವು ಅಂದುಕೊಂಡಿರುವ ಮೂರು ನಾಲ್ಕು ಜಿಪ್ ಕೋಡ್ ಹಾಕಿ ಹೋಲಿಸಿ. ಹೆಸರು ಪಿಪಿಒ ಅಂತ ಇದ್ದರೆ ಸಾಲದು, ರಾಜ್ಯದ ಹೊರಗೂ ನೆಟ್‌ವರ್ಕ್ ಇದೆಯಾ ಅಂತ ಪ್ಲಾನಿನ ವಿವರ ಪತ್ರದಲ್ಲಿ ಓದಿ. ಕಂಪನಿಗೆ ಫೋನ್ ಮಾಡಿ, ಬೇರೆ ರಾಜ್ಯದಲ್ಲಿ ಮಾಮೂಲಿ ಜ್ವರಕ್ಕೆ ಡಾಕ್ಟರ ಹತ್ತಿರ ಹೋದರೆ ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಕೇಳಿ. ತೆರಿಗೆಯಲ್ಲಿ ಉಳಿಯುವ ದುಡ್ಡು ಒಂದು ಆಪರೇಷನ್‌ಗೆ ಸಾಲದು.

ಎಚ್‌ಎಂಒ ಬಿಟ್ಟು ಬೇರೆ ಏನೂ ಸಿಗದಿದ್ದರೆ ಇನ್ನೊಂದು ದಾರಿ ಇದೆ. ವರ್ಷಕ್ಕೆ ಎರಡು ಸಲ ಆ ಊರಿಗೇ ಮರಳಿ ಬರುವ ಹಾಗೆ ಸುತ್ತಾಟ ಹಾಕಿಕೊಳ್ಳಿ. ವರ್ಷದ ತಪಾಸಣೆ, ರಕ್ತ ಪರೀಕ್ಷೆ, ಮಮೋಗ್ರಾಂ ಎಲ್ಲ ಆಗ ಮುಗಿಸಿ. ನಾವು ಕೊನೆಯ ಎರಡು ವರ್ಷ ಹೀಗೇ ಮಾಡಿದೆವು.

ಕೆಲಸ ಬಿಟ್ಟು ಹೊರಡುವವರಿಗೆ ಕೋಬ್ರಾ ಎಂಬ ಕಾನೂನಿನ ಸೌಲಭ್ಯ ಇದೆ. ಕಂಪನಿಯಲ್ಲಿ 20 ಅಥವಾ ಹೆಚ್ಚು ಜನ ಇದ್ದರೆ, ಅದೇ ಗುಂಪು ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ 102 ಶೇಕಡಾದವರೆಗೆ ನೀವೇ ಕಟ್ಟಬೇಕು. ದುಬಾರಿಯೇ. ಆದರೆ ದೊಡ್ಡ ಕಂಪನಿಗಳ ಪ್ಲಾನ್ ಅನೇಕ ಸಲ ದೇಶದ ಉದ್ದಗಲಕ್ಕೂ ನಡೆಯುತ್ತದೆ, ಮೊದಲ ವರ್ಷಕ್ಕೆ ನಾನು ಅದನ್ನೇ ಹೇಳುತ್ತೇನೆ. ಒಂದು ಎಚ್ಚರ: ಜಾಸ್ತಿ ಆಯ್ತು ಅಂತ ಕೋಬ್ರಾವನ್ನು ನಡುವೆ ನೀವಾಗಿಯೇ ಬಿಟ್ಟರೆ ಮಾರ್ಕೆಟ್‌ಪ್ಲೇಸ್ ಬಾಗಿಲು ತಕ್ಷಣ ತೆರೆಯುವುದಿಲ್ಲ. ನವೆಂಬರ್ 1ಕ್ಕೆ ಶುರುವಾಗುವ ವಾರ್ಷಿಕ ನೋಂದಣಿಯವರೆಗೆ ಕಾಯಬೇಕು. ಜನವರಿ 1ರಿಂದ ವಿಮೆ ಬೇಕಿದ್ದರೆ ಡಿಸೆಂಬರ್ 15ರೊಳಗೆ ಮುಗಿಸಿ.

ಕೆಲಸದ ಜೊತೆ ವಿಮೆಯೂ ಹೋಯಿತು, ಮದುವೆಯಾಯಿತು, ಮಗು ಹುಟ್ಟಿತು, ರಾಜ್ಯ ಬದಲಾಯಿತು ಅಂದರೆ ನಡುವೆಯೂ 60 ದಿನದ ಅವಕಾಶ ಇದೆ. ಸುಮ್ನೆ ಊರೂರು ಸುತ್ತಿದ್ದನ್ನು ರಾಜ್ಯ ಬದಲಾವಣೆ ಎನ್ನುವುದಿಲ್ಲ, ವಾಸದ ರಾಜ್ಯವೇ ಬದಲಾಗಿರಬೇಕು. ಆ ಮುಂಚೆ ಯಾವುದಾದರೂ ವಿಮೆ ಇದ್ದಿರಲೂ ಬೇಕು. ಈಗಷ್ಟೇ ಭಾರತದಿಂದ ಬಂದವರಿಗೆ ಈ ಹಿಂದಿನ ವಿಮೆಯ ಷರತ್ತಿಲ್ಲ. ಪ್ರೀಮಿಯಂಗೆ ಸಿಗುವ ಸರ್ಕಾರದ ನೆರವಿನ ಬಗ್ಗೆಯೂ ತಿಳಿದಿರಿ: 2027ರಿಂದ ಅದು ಎಚ್-4ನಂಥ (ಎಚ್-1ಬಿಯವರ ಸಂಗಾತಿ, ಮಕ್ಕಳ) ವೀಸಾದಲ್ಲಿರುವವರಿಗೆ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ಮುಂದುವರಿಯುತ್ತದೆ.

ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹೆಲ್ತ್ ಶೇರಿಂಗ್ ಅಂತ ಒಂದು ಹೆಸರು ಕೇಳುತ್ತೀರಿ, ಸದಸ್ಯರು ಕಂತು ಕಟ್ಟಿ ಒಬ್ಬರ ಆಸ್ಪತ್ರೆ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡು. ತಿಂಗಳ ಕಂತು ಕಡಿಮೆ, ಎಲ್ಲಿ ಬೇಕಾದರೂ ನಡೆಯುತ್ತದೆ ಅನ್ನುತ್ತಾರೆ. ಅದು ವಿಮೆಯೇ ಅಲ್ಲ. ನಿಮ್ಮ ಬಿಲ್ ಕಟ್ಟಲೇಬೇಕು ಅನ್ನುವ ಕಾನೂನು ಅವರ ಮೇಲಿಲ್ಲ. ಹೆಚ್ಚಿನವು ಕ್ರೈಸ್ತ ಸಂಸ್ಥೆಗಳು, ಅನೇಕ ಕಡೆ ನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತಾರೆ. ಮುಂಚಿನಿಂದ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಕೈ ಎತ್ತಬಹುದು. ನಮ್ಮಲ್ಲಿ ನಲವತ್ತು ದಾಟಿದ ಅನೇಕರಿಗೆ ಇವೆರಡರಲ್ಲಿ ಒಂದು ಇರುತ್ತದೆ. ಮಾರ್ಕೆಟ್‌ಪ್ಲೇಸ್ ಪ್ಲಾನ್ ಹಾಗೆ ಮಾಡುವಂತಿಲ್ಲ, ಹಳೆಯ ಕಾಯಿಲೆಗೆ ಜಾಸ್ತಿ ದುಡ್ಡೂ ಕೇಳುವಂತಿಲ್ಲ.

ಮಾತ್ರೆಗಳಿಗೆ ದೇಶವೆಲ್ಲ ಅಂಗಡಿ ಇರುವ ಔಷಧಿ ಸರಪಳಿ ಒಂದನ್ನೇ ಹಿಡಿದುಕೊಳ್ಳಿ. ಮುಂದಿನ ಊರಿನ ಅಂಗಡಿಗೆ ಚೀಟಿ ವರ್ಗಾಯಿಸುವುದು ಸುಲಭ. ವಿಡಿಯೋದಲ್ಲಿ ಡಾಕ್ಟರನ್ನು ಕಾಣುವುದಾದರೆ, ಆ ಹೊತ್ತಿಗೆ ನೀವು ಕೂತಿರುವ ರಾಜ್ಯದಲ್ಲಿ ಸಾಮಾನ್ಯವಾಗಿ ಅವರಿಗೆ ಲೈಸೆನ್ಸ್ ಇರಬೇಕು. ಅಪಾಯಿಂಟ್‌ಮೆಂಟ್ ಇದ್ದ ದಿನ ಗಡಿ ದಾಟಬೇಡಿ. ಹಲ್ಲಿನ ಕೆಲಸವನ್ನು ನಾವು ಊರಿಗೆ ಹೋದಾಗಲೇ ಮಾಡಿಸುತ್ತಿದ್ದೆವು, ಅದಕ್ಕೆ ಇಲ್ಲಿ ಬೇರೆಯೇ ವಿಮೆ ಬೇಕು.

ನಿವೃತ್ತರಾಗಿ ಹೊರಡುವ ಹಿರಿಯರಿಗೆ ಈ ತಲೆನೋವು ಕಡಿಮೆ. 65 ತುಂಬಿ ಮೂಲ ಮೆಡಿಕೇರ್ (ಹಿರಿಯರಿಗೆ ಸರ್ಕಾರ ಕೊಡುವ ವಿಮೆ) ಇದ್ದರೆ, ಮೆಡಿಕೇರ್ ಒಪ್ಪುವ ಯಾವ ರಾಜ್ಯದ ಡಾಕ್ಟರ ಹತ್ತಿರವಾದರೂ ಹೋಗಬಹುದು. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ಗೆ ಹೋದರೆ ಮತ್ತೆ ಅದೇ ಊರಿನ ನೆಟ್‌ವರ್ಕ್‌ಗೆ ಸಿಕ್ಕಿಬೀಳುತ್ತೀರಿ. ಜಿಮ್ ಉಚಿತ, ಕನ್ನಡಕ ಉಚಿತ ಅಂತ ಟಿವಿಯಲ್ಲಿ ತೋರಿಸುವುದು ಇದನ್ನೇ. ಗಾಡಿ ಮಾರಿ ಒಂದೆಡೆ ನೆಲೆಸುವವರೆಗೆ ಮೂಲ ಮೆಡಿಕೇರ್‌ನಲ್ಲೇ ಇರಿ.

ಕೊನೆಗೆ, ಗಾಡಿಯ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ. ಇಬ್ಬರ ರಕ್ತದ ಗುಂಪು, ನುಂಗುವ ಮಾತ್ರೆಗಳ ಹೆಸರು, ಆಗದ ಔಷಧಿ, ವಿಮೆಯ ಫೋನ್ ನಂಬರ್. ಎಲ್ಲ ಇಂಗ್ಲಿಷಿನಲ್ಲಿರಲಿ. ಅದರ ಕೆಳಗೆ ಖಾಲಿ ಜಾಗ ಬಿಡಿ, ಹೊಸ ಕ್ಯಾಂಪ್‌ಗ್ರೌಂಡ್ ತಲುಪಿದ ದಿನವೇ ಅಲ್ಲಿನ ಪೂರ್ತಿ ವಿಳಾಸ, ಸೈಟ್ ನಂಬರ್ ಬರೆಯಿರಿ. ಗ್ಯಾಲಪ್‌ನಲ್ಲಿ ಆವತ್ತು ರಾತ್ರಿ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದಾಗ ಎಲ್ಲಿದ್ದೀರಿ ಅಂತ ಕೇಳಿದರು. ನಾನು ಹೊರಗೆ ಓಡಿ ಬೋರ್ಡ್ ಹುಡುಕಿ ಹೇಳಬೇಕಾಯಿತು.