ಸ್ಕೂಬಾ ಸಲಕರಣೆ: ಬ್ಯಾಗ್ ತುಂಬುವ ಕ್ರಮ, ಸಾಗಿಸುವ ಎಚ್ಚರ

ಸ್ಕೂಬಾ ಡೈವಿಂಗ್‌ಗೆ ಹೊರಡುವವರು ಬ್ಯಾಗ್ ತುಂಬುವಾಗ ಸಾಮಾನ್ಯವಾಗಿ ವಸ್ತುವಿನ ತೂಕ ನೋಡುತ್ತಾರೆ, ಇಲ್ಲವೇ ಬೆಲೆ ನೋಡುತ್ತಾರೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದು ನೀರಿನಡಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ? ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್‌ನ ಪಟ್ಟಿ ಹರಿದರೆ ಒಂದು ಡೈವ್ ತಪ್ಪುತ್ತದೆ, ಅಷ್ಟೇ. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕ ಒತ್ತಡಕ್ಕಿಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್‌ನ ಹೋಸ್ (ಕೊಳವೆ) ಸೀಳಿದರೆ ಅಪಾಯ ಉಸಿರಿಗೇ ಬರುತ್ತದೆ. ಯಾವುದನ್ನು ಕೈಯಲ್ಲಿ ಹಿಡಿದು ಹೋಗಬೇಕು, ಯಾವುದನ್ನು ಲಗೇಜಿಗೆ ಹಾಕಬಹುದು, ಯಾವುದನ್ನು ಒಯ್ಯುವುದೇ ಬೇಡ ಎಂಬುದೆಲ್ಲ ಈ ಪ್ರಶ್ನೆಯಿಂದಲೇ ತೀರ್ಮಾನವಾಗಬೇಕು.

ಮೊದಲು ಉಪ್ಪು ಬಿಡಿಸಿ

ಕಡಲಿನಿಂದ ಬಂದ ಸಲಕರಣೆಯನ್ನು ಒದ್ದೆಯಾಗಿಯೇ ಬ್ಯಾಗಿಗೆ ತುರುಕಬಾರದು. ಒಣಗಿದ ಉಪ್ಪು ಹರಳುಗಟ್ಟಿ ಗುಂಡಿ, ಕವಾಟ, ಜಿಪ್‌ಗಳನ್ನು ಹಿಡಿದುಹಾಕುತ್ತದೆ, ಸೋರಿಕೆ ತಡೆಯುವ ರಬ್ಬರ್ ಉಂಗುರಗಳಾದ ಓ-ರಿಂಗ್‌ಗಳನ್ನು ಸವೆಸುತ್ತದೆ. ಎಲ್ಲವನ್ನೂ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ. ಮೇಲಿಂದ ಒಮ್ಮೆ ನೀರು ಸುರಿದರೆ ಸಾಲದು.

ರೆಗ್ಯುಲೇಟರ್ ತೊಳೆಯುವುದಕ್ಕೆ ವಿಶೇಷ ಗಮನ ಬೇಕು. ಸಿಲಿಂಡರಿಗೆ ಜೋಡಿಸುವ ಭಾಗಕ್ಕೆ ಫಸ್ಟ್ ಸ್ಟೇಜ್ ಎನ್ನುತ್ತಾರೆ. ಅದರ ಬಾಯಿಗೆ ಮುಚ್ಚಳವನ್ನು ಒರೆಸಿ ಒಣಗಿಸಿ ಬಿಗಿದ ಮೇಲಷ್ಟೇ ನೀರಿಗಿಳಿಸಿ. ಬಾಯಲ್ಲಿಟ್ಟುಕೊಳ್ಳುವ ಸೆಕೆಂಡ್ ಸ್ಟೇಜ್‌ನ ಪರ್ಜ್ ಬಟನ್ (ಗಾಳಿ ಹೊರಬಿಡುವ ಗುಂಡಿ) ಅನ್ನು ಆಗ ಒತ್ತಲೇಬಾರದು. ಹೋಸ್‌ನಲ್ಲಿ ಗಾಳಿಯ ಒತ್ತಡ ಇಲ್ಲದಿರುವಾಗ ಅದನ್ನು ಒತ್ತಿದರೆ ಕವಾಟ ತೆರೆದುಕೊಂಡು ನೀರು ಒಳನುಗ್ಗುತ್ತದೆ. ಹೊರಗೆ ಏನೂ ಕಾಣದಂತೆ ಒಳಗಿನ ಲೋಹ ಕೆಡತೊಡಗುತ್ತದೆ. ಗಾಳಿ ಉಳಿದಿರುವ ಸಿಲಿಂಡರ್‌ಗೆ ಜೋಡಿಸಿ, ವಾಲ್ವ್ ತೆರೆದು ತೊಳೆಯುವುದು ಎಲ್ಲಕ್ಕಿಂತ ಒಳ್ಳೆಯ ವಿಧಾನ.

ದೇಹವನ್ನು ತೇಲಿಸಿ ಹಿಡಿಯುವ ಜಾಕೆಟ್, ಅಂದರೆ ಬಿಸಿಡಿಯ ಒಳಗೂ ಕಡಲ ನೀರು ಸೇರಿರುತ್ತದೆ. ಗಾಳಿ ತುಂಬುವ ಕೊಳವೆ, ಅಂದರೆ ಇನ್‌ಫ್ಲೇಟರ್ ಮೂಲಕ ಸಿಹಿನೀರು ಹಾಕಿ, ಗಾಳಿ ತುಂಬಿಸಿ ಕುಲುಕಿ, ತಲೆಕೆಳಗು ಮಾಡಿ ಬಸಿಯಿರಿ. ನಂತರ ಅರ್ಧ ಗಾಳಿ ತುಂಬಿಸಿ ನೆರಳಿನಲ್ಲಿ ತೂಗುಹಾಕಿ. ಬಿಸಿಲು ಬೇಡ, ರಬ್ಬರ್, ನಿಯೋಪ್ರೀನ್ (ಡೈವ್ ಉಡುಪಿನ ರಬ್ಬರ್‌ನಂಥ ವಸ್ತು) ಎರಡಕ್ಕೂ ಅದು ಶತ್ರು.

ಒಣಗಲು ಸಮಯವೇ ಇರಲಿಲ್ಲ ಎನ್ನುವವರಿಗೆ ಒಂದು ಮಾತು. ಡೈವ್ ಮುಗಿದ ತಕ್ಷಣ ವಿಮಾನ ಹತ್ತುವಂತೆಯೇ ಇಲ್ಲ. ದೇಹದಲ್ಲಿ ಕರಗಿರುವ ನೈಟ್ರೋಜನ್, ಕ್ಯಾಬಿನ್‌ನ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟುವ ಅಪಾಯವಿದೆ. ಡಿಕಂಪ್ರೆಶನ್ ನಿಲುಗಡೆ (ನೈಟ್ರೋಜನ್ ಹೊರಹೋಗಲೆಂದು ಮೇಲೇರುವಾಗ ನಡುವೆ ನಿಲ್ಲುವುದು) ಬೇಕಿಲ್ಲದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳನ್ನು ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ನಿಲುಗಡೆ ಬೇಕಾದ ಡೈವ್ ಆಗಿದ್ದರೆ ಇನ್ನೂ ಹೆಚ್ಚು. ಈ ಬಿಡುವನ್ನು ಸಲಕರಣೆ ಒಣಗಿಸಲು ಬಳಸಿಕೊಳ್ಳಿ. ಮೈಬಿಸಿ ಕಾಯುವ ಡೈವ್ ಉಡುಪು, ಅಂದರೆ ವೆಟ್‌ಸೂಟ್ ಒದ್ದೆಯಿದ್ದರೆ ವಾಸನೆ ಹಿಡಿಯುವುದಷ್ಟೇ ಅಲ್ಲ, ಲಗೇಜಿನ ತೂಕವನ್ನೂ ಏರಿಸುತ್ತದೆ.

ಕೈಚೀಲದಲ್ಲಿ ಇರಬೇಕಾದವು

ರೆಗ್ಯುಲೇಟರ್, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ಮಾಸ್ಕ್. ಈ ಮೂರನ್ನು ಲಗೇಜಿಗೆ ಹಾಕಬೇಡಿ ಎಂದೇ ನನ್ನ ಒತ್ತಾಯ. ಬ್ಯಾಗ್ ಕಳೆದುಹೋದರೂ ಬಿಸಿಡಿ, ಫಿನ್ ಬಾಡಿಗೆಗೆ ಸಿಗುತ್ತವೆ. ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಅದರಲ್ಲೂ ದೃಷ್ಟಿದೋಷಕ್ಕೆ ತಕ್ಕ ಗಾಜು ಹಾಕಿಸಿದ ಮಾಸ್ಕ್, ಹೋದಲ್ಲೆಲ್ಲ ಸಿಗುವುದಿಲ್ಲ. ಹಿಂದಿನ ಡೈವ್‌ಗಳ ಲೆಕ್ಕವನ್ನು ಇಟ್ಟುಕೊಂಡಿರುವ ಕಂಪ್ಯೂಟರಿಗೂ ಬದಲಿ ಇಲ್ಲ.

ರೆಗ್ಯುಲೇಟರ್‌ನ ಹೋಸ್‌ಗಳನ್ನು ದೊಡ್ಡ ಸುತ್ತುಗಳಾಗಿ ಸುತ್ತಿ. ಹೋಸ್ ಲೋಹಕ್ಕೆ ಸೇರುವ ಕಡೆಯಲ್ಲಿ ಚೂಪಾಗಿ ಬಾಗಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಹೋಸ್‌ಗಳಿಗೆ ಜಾರಿಸಿ ಹಾಕುವ ರಬ್ಬರ್ ಕವಚವಿದ್ದರೆ ಆಗಾಗ ಸರಿಸಿ ಒಳಗೆ ನೋಡಿ. ಬಿರುಕು ಅವುಗಳಡಿಯಲ್ಲಿ ಅಡಗಿ ಕೂರುತ್ತದೆ. ಭಾರವಾದ ಫಸ್ಟ್ ಸ್ಟೇಜ್ ಒತ್ತಡ ಮಾಪಕದ ಗಾಜಿಗೆ ಬಡಿಯದಂತೆ ನಡುವೆ ಮೆತ್ತನೆಯ ಬಟ್ಟೆ ಇಡಿ.

ಮಾಸ್ಕ್‌ಗೆ ಗಟ್ಟಿ ಪೆಟ್ಟಿಗೆಯೇ ಬೇಕು. ಪಾರದರ್ಶಕ ಸಿಲಿಕೋನ್ ಆಗಿದ್ದರೆ ಕಪ್ಪು ರಬ್ಬರ್ ಅಥವಾ ನಿಯೋಪ್ರೀನ್‌ಗೆ ತಾಗಿಸಿ ಬಹುಕಾಲ ಇಡಬೇಡಿ, ಬಣ್ಣ ಹಿಡಿಯುತ್ತದೆ.

ಬ್ಯಾಟರಿ, ಟಾರ್ಚ್

ವಿಮಾನ ನಿಲ್ದಾಣದಲ್ಲಿ ಡೈವರ್‌ಗಳು ಸಿಲುಕುವುದು ಹೆಚ್ಚಾಗಿ ಇಲ್ಲಿಯೇ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಲಿಥಿಯಂ-ಅಯಾನ್ ಬ್ಯಾಟರಿ 100 ವ್ಯಾಟ್-ಅವರ್ ವರೆಗೆ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದೂ ಬಿಡಿಯಾಗಿ ಎರಡಕ್ಕೆ ಮಾತ್ರ. ಅದಕ್ಕೂ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ನೀರಿನಡಿಯ ಸ್ಕೂಟರ್ ಇರುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಲಿ. ಪ್ರತಿ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ.

ಡೈವ್ ಟಾರ್ಚ್ ನೀರಿನ ಹೊರಗೆ ಉರಿದರೆ ಬಹಳ ಬಿಸಿಯಾಗುತ್ತದೆ. ಬ್ಯಾಗಿನೊಳಗೆ ಆಕಸ್ಮಿಕವಾಗಿ ಹೊತ್ತಿಕೊಂಡರೆ ಸುತ್ತಲಿನ ಬಟ್ಟೆಗೆ ಬೆಂಕಿ ತಗಲಬಹುದು. ಹಾಗಾಗಿ ಬ್ಯಾಟರಿಯನ್ನು ಹೊರತೆಗೆದೇ ಟಾರ್ಚ್ ಸಾಗಿಸಿ.

ದೊಡ್ಡ ಬ್ಯಾಗ್

ಉಳಿದದ್ದು ಸುಲಭ. ಫಿನ್‌ಗಳನ್ನು ಬಾಗಿಸದೆ ಎರಡು ಬದಿಗೆ ನಿಲ್ಲಿಸಿ, ಗಾಳಿ ತೆಗೆದ ಬಿಸಿಡಿಯನ್ನು ನಡುವೆ ಮಲಗಿಸಿ, ವೆಟ್‌ಸೂಟನ್ನು ಸಡಿಲವಾಗಿ ಸುತ್ತಿ ಸುತ್ತಲೂ ತುಂಬಿ. ಬಿಗಿಯಾಗಿ ಮಡಚಿದರೆ ನಿಯೋಪ್ರೀನ್‌ನಲ್ಲಿ ಗೀರು ಉಳಿದುಬಿಡುತ್ತದೆ. ಚಾಕು ಒರೆಯೊಳಗೆ ಈ ಬ್ಯಾಗಿನಲ್ಲೇ ಇರಬೇಕು. ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಸೀಸದ ತೂಕಗಳನ್ನು ವಿಮಾನದಲ್ಲಿ ಒಯ್ಯುವುದು ವ್ಯರ್ಥ. ಅವು ಡೈವ್ ಕೇಂದ್ರಗಳಲ್ಲಿ ಇದ್ದೇ ಇರುತ್ತವೆ.

ಸಿಲಿಂಡರ್

ವಿಮಾನದಲ್ಲಿ ಸಿಲಿಂಡರ್ ಒಯ್ಯುವ ಯೋಚನೆ ಬಿಡಿ. ಸಾಮಾನ್ಯವಾಗಿ ಅದು ಪೂರ್ತಿ ಖಾಲಿಯಾಗಿ, ವಾಲ್ವ್ ಬಿಚ್ಚಿ, ಒಳಭಾಗ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಒಪ್ಪುತ್ತಾರೆ. ಬಾಯಿ ತೆರೆದ ಸಿಲಿಂಡರಿನೊಳಗೆ ತೇವ, ಧೂಳು ಸೇರುತ್ತವೆ. ಬಾಡಿಗೆಗೆ ಪಡೆಯುವುದೇ ಲೇಸು. ಅಲ್ಲಿನ ವಾಲ್ವ್ ಡಿನ್ ಮಾದರಿಯದೋ (ರೆಗ್ಯುಲೇಟರನ್ನು ತಿರುಚಿ ಕೂರಿಸುವುದು) ಯೋಕ್ ಮಾದರಿಯದೋ (ಮೇಲಿಂದ ಹಿಡಿದು ಬಿಗಿಯುವುದು) ಎಂದು ಮೊದಲೇ ಕೇಳಿ, ನಿಮ್ಮ ರೆಗ್ಯುಲೇಟರ್‌ಗೆ ಅಡಾಪ್ಟರ್ ಬೇಕಿದ್ದರೆ ಜೊತೆಗಿಟ್ಟುಕೊಳ್ಳಿ.

ರಸ್ತೆಯಲ್ಲಿ ಒಯ್ಯುವುದಾದರೆ ಎಚ್ಚರ ಇನ್ನೂ ಹೆಚ್ಚಿರಲಿ. ಎಲ್ಲೆಡೆ ಬಳಕೆಯಲ್ಲಿರುವ 80 ಘನ ಅಡಿ ಗಾಳಿಯನ್ನು ಒತ್ತಿ ತುಂಬುವ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ 14 ಕಿಲೋ ಆಸುಪಾಸು ತೂಗುತ್ತದೆ. ತುಂಬಿದಾಗ ಅದರ ಸುಮಾರು 11 ಲೀಟರ್ ಜಾಗದಲ್ಲಿ 207 ಬಾರ್ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಒತ್ತಡದ ಗಾಳಿ ಇರುತ್ತದೆ. ಅದನ್ನು ಎಂದೂ ನಿಲ್ಲಿಸಿ ಸಾಗಿಸಬೇಡಿ. ಬ್ರೇಕ್ ಹಾಕಿದಾಗ ಉರುಳಿ ವಾಲ್ವ್ ಮುರಿಯಬಹುದು. ಮಲಗಿಸಿ, ಉರುಳದಂತೆ ಎರಡೂ ಬದಿಗೆ ಅಡ್ಡಕೊಟ್ಟು, ಪಟ್ಟಿಯಿಂದ ಬಿಗಿಯಿರಿ. ರೆಗ್ಯುಲೇಟರ್ ಬಿಚ್ಚಿಟ್ಟಿರಬೇಕು.

ಬಿಸಿಯನ್ನೂ ಮರೆಯಬಾರದು. 25 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್, ಬಿಸಿಲಿಗೆ ನಿಂತ ಮುಚ್ಚಿದ ಕಾರಿನಲ್ಲಿ 60 ಡಿಗ್ರಿ ತಲುಪಿದರೆ ಒಳಗಿನ ಒತ್ತಡ 220 ಬಾರ್ ದಾಟುತ್ತದೆ. ನೆರಳು ಹುಡುಕಿ ನಿಲ್ಲಿಸಿ. ಬಳಸಿದ ಸಿಲಿಂಡರ್ ಅನ್ನು ಹಿಂದೆ ತರುವಾಗಲೂ ಸ್ವಲ್ಪ ಗಾಳಿ ಉಳಿಸಿಕೊಳ್ಳಿ, ತೇವ ಒಳಸೇರುವುದಿಲ್ಲ.

ದೋಣಿಯ ಚೀಲ

ದೋಣಿಯಲ್ಲಿ ಜಾಗ ಕಡಿಮೆ. ಅಲ್ಲಿಗೆ ಜಾಲರಿ ಚೀಲವೇ ಸರಿ. ನೀರು ಸೋರಿಹೋಗುತ್ತದೆ, ಗಾಳಿಯಾಡುತ್ತದೆ. ತುಂಬುವ ಕ್ರಮ ಧರಿಸುವ ಕ್ರಮಕ್ಕೆ ತಿರುಗುಮುರುಗಾಗಿರಲಿ. ಕೊನೆಗೆ ಹಾಕಿಕೊಳ್ಳುವ ಫಿನ್ ತಳದಲ್ಲಿ, ಅದರ ಮೇಲೆ ಪೆಟ್ಟಿಗೆಯೊಳಗಿನ ಮಾಸ್ಕ್, ನಂತರ ವೆಟ್‌ಸೂಟ್. ಸಿಲಿಂಡರಿಗೆ ಮೊದಲು ಜೋಡಿಸಬೇಕಾದ ಬಿಸಿಡಿ, ರೆಗ್ಯುಲೇಟರ್ ಎಲ್ಲಕ್ಕಿಂತ ಮೇಲೆ.

ಜೊತೆಗೊಂದು ಸಣ್ಣ ಡಬ್ಬಿ ಇರಲಿ: ಕೆಲವು ಓ-ರಿಂಗ್, ಒಂದು ಮೌತ್‌ಪೀಸ್, ಪ್ಲಾಸ್ಟಿಕ್ ಟೈಗಳು, ಮಾಸ್ಕ್ ಮತ್ತು ಫಿನ್‌ನ ಬಿಡಿ ಪಟ್ಟಿ, ಸಿಲಿಕೋನ್ ಗ್ರೀಸ್. ಪೆಟ್ರೋಲಿಯಂ ಜೆಲ್ಲಿಯನ್ನು ಗ್ರೀಸ್ ಬದಲು ಬಳಸಲೇಬೇಡಿ. ರಬ್ಬರ್ ಊದಿ ಹಾಳಾಗುತ್ತದೆ.

ತಲುಪಿದ ದಿನವೇ

ಬ್ಯಾಗ್ ಬಿಚ್ಚುವುದನ್ನು ಮರುದಿನ ಬೆಳಗಿನ ಗಡಿಬಿಡಿಗೆ ಬಿಡಬೇಡಿ. ಡೈವ್ ಕೇಂದ್ರದ ಸಿಲಿಂಡರ್ ಒಂದಕ್ಕೆ ರೆಗ್ಯುಲೇಟರ್ ಜೋಡಿಸಿ ವಾಲ್ವ್ ನಿಧಾನವಾಗಿ ತೆರೆಯಿರಿ. ಎರಡೂ ಸೆಕೆಂಡ್ ಸ್ಟೇಜ್‌ಗಳಲ್ಲಿ (ಒಂದು ಮುಖ್ಯ, ಇನ್ನೊಂದು ತುರ್ತಿಗೆ) ಉಸಿರಾಡುತ್ತ ಒತ್ತಡ ಮಾಪಕದ ಮುಳ್ಳನ್ನು ಗಮನಿಸಿ. ಉಸಿರಿನ ಜೊತೆ ಅದು ಅಲುಗಬಾರದು. ನಂತರ ವಾಲ್ವ್ ಮುಚ್ಚಿ ಕೆಲವು ನಿಮಿಷ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸೋರಿಕೆ ಇದೆ. ಬಿಸಿಡಿಗೆ ಪೂರ್ತಿ ಗಾಳಿ ತುಂಬಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಅದನ್ನು ಬದಿಗಿಟ್ಟು ಬಾಡಿಗೆಯದನ್ನು ಕೇಳಿ.