ನಾಡಿ 50ಕ್ಕೆ ಇಳಿದಾಗ: ಅಡ್ರಿನಲಿನ್ ಬಳಗದ ಔಷಧಗಳೊಂದಿಗೆ ನನ್ನ ಅನುಭವ

ಪುಣೆಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಗ ಕಪ್ಪೆಯ ಹೃದಯಕ್ಕೆ ಸಣ್ಣ ಕೊಕ್ಕೆ ಸಿಕ್ಕಿಸಿ, ಅದರ ದಾರವನ್ನು ಸನ್ನೆಕಡ್ಡಿಗೆ ಕಟ್ಟಿ, ಮಸಿ ಹಿಡಿಸಿದ ಕಾಗದದ ಮೇಲೆ ಗೆರೆ ಬರೆಸುವ ಪ್ರಯೋಗ ಮಾಡಿದ್ದೆ. ಅಡ್ರಿನಲಿನ್ ಎಂಬ ಹಾರ್ಮೋನು ತಲುಪಿದೊಡನೆ ಗೆರೆಗಳು ಎತ್ತರವೂ ಆದವು, ಒತ್ತೊತ್ತಾಗಿಯೂ ಬಂದವು. ಎತ್ತರ ಸಂಕೋಚನದ ಬಲವನ್ನೂ ಒತ್ತು ಬಡಿತದ ವೇಗವನ್ನೂ ತೋರಿಸುತ್ತದೆ. ಎರಡೂ ಜೊತೆಯಾಗಿಯೇ ಏರುತ್ತವೆ ಎಂದು ಜರ್ನಲ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡೆ.

ಮುಂಬೈಯಲ್ಲಿ ಅರಿವಳಿಕೆ ವೈದ್ಯನಾದ ಮೊದಲ ವರ್ಷದಲ್ಲೇ ಆ ತಿಳಿವಳಿಕೆ ನನಗೆ ಕೈಕೊಟ್ಟಿತು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಸಿಸೇರಿಯನ್‌ಗಾಗಿ ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ದೇಹದ ಕೆಳಭಾಗವನ್ನು ಮರಗಟ್ಟಿಸುವ ಅರಿವಳಿಕೆ, ಕೊಟ್ಟಿದ್ದೆ. ಅದರಿಂದ ರಕ್ತನಾಳಗಳು ಸಡಿಲಗೊಂಡು ಮೇಲಿನ ಬಿಪಿ 80ಕ್ಕೆ ಬಂದಾಗ, ಬಿಪಿ ಏರಿಸುವ ಫಿನೈಲೆಫ್ರಿನ್ 100 ಮೈಕ್ರೋಗ್ರಾಂ ಕೊಟ್ಟೆ. ಮಾನಿಟರಿನ ಟಿಂಗ್ ಟಿಂಗ್ ನಿಧಾನವಾಗುತ್ತ ಹೋಗಿ, 92ರಲ್ಲಿದ್ದ ನಾಡಿ 50ಕ್ಕೆ ಇಳಿಯಿತು. ಹೃದಯವೇ ಸೋಲುತ್ತಿದೆಯೆಂದು ಗಾಬರಿಯಾಗಿ, ಬಿಪಿ ಎಷ್ಟಾಗಿದೆಯೆಂದು ನೋಡುವ ಮೊದಲೇ ನಾಡಿ ಏರಿಸುವ ಅಟ್ರೋಪಿನ್ ಕೊಟ್ಟುಬಿಟ್ಟೆ. ತೋಳಿನ ಪಟ್ಟಿ ಉಬ್ಬಿ ಇಳಿದಾಗ ಬಿಪಿ 170, ನಾಡಿ 130.

"ಎದಿ ಡಬಡಬ ಬಡೀಲಾಕತ್ತದ್ರಿ ಸಾಹೇಬ್ರ, ತಲಿ ಸಿಡೀಲಾಕತ್ತದ."

"ತಡಿಯವ್ವ, ಈಗ ಕಮ್ಮಿ ಆಗ್ತದ" ಎಂದೆನಾದರೂ, ಅದು ಕಮ್ಮಿಯಾಗುವವರೆಗೆ ನನ್ನ ಎದೆಯೂ ಹಾಗೆಯೇ ಬಡಿಯುತ್ತಿತ್ತು.

ತಪ್ಪಿದ್ದು ಎಲ್ಲಿ? ಈ ಔಷಧಗಳು ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳ (ಕೋಶದ ಮೇಲೆ ಔಷಧ ಬಂದು ಅಂಟುವ ತಾಣಗಳ) ಮೂಲಕ ಕೆಲಸ ಮಾಡುತ್ತವೆಯೆಂದು ಅಮೆರಿಕದ ಔಷಧವಿಜ್ಞಾನಿ ಅಲ್‌ಕ್ವಿಸ್ಟ್ 1948ರಲ್ಲೇ ವಿಂಗಡಿಸಿದ್ದರು. ಫಿನೈಲೆಫ್ರಿನ್ ಆಲ್ಫಾದ ಔಷಧ. ಅದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆಯೇ ಹೊರತು ಹೃದಯವನ್ನು ನೇರವಾಗಿ ಮುಟ್ಟುವುದು ಅತ್ಯಲ್ಪ. ಒತ್ತಡ ಏರಿದ್ದನ್ನು ಕತ್ತಿನ ಧಮನಿಯ ಸಂವೇದಕಗಳು ಮಿದುಳಿಗೆ ತಿಳಿಸುತ್ತವೆ, ಮಿದುಳು ವೇಗಸ್ ನರದ ಮೂಲಕ ಹೃದಯವನ್ನು ನಿಧಾನಿಸುತ್ತದೆ. ಅಂದರೆ ನಾಡಿ ಇಳಿದದ್ದು ಔಷಧ ಹತ್ತಿದ್ದರ ಗುರುತಾಗಿತ್ತು. ವೇಗಸ್‌ನ ಆ ಲಗಾಮನ್ನೇ ನಾನು ಅಟ್ರೋಪಿನ್ ಕೊಟ್ಟು ಕತ್ತರಿಸಿದ್ದೆ. ನಮ್ಮ ಪ್ರಯೋಗದ ಕಪ್ಪೆಯ ಮಿದುಳು ಮೊದಲೇ ನಾಶವಾಗಿದ್ದುದರಿಂದ ಅಲ್ಲಿ ಲಗಾಮು ಹಿಡಿಯುವವರೇ ಇರಲಿಲ್ಲ.

ಅಡ್ರಿನಲಿನ್‌ನ ಸೋದರನಂತಿರುವ ನಾರಡ್ರಿನಲಿನ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಅದು ಹೃದಯದ ಬೀಟಾ-1 ಗ್ರಾಹಕಗಳನ್ನು (ಬೀಟಾದ ಒಂದು ಉಪಬಗೆ) ಮುಟ್ಟಿ ಸಂಕೋಚನದ ಬಲ ಹೆಚ್ಚಿಸಿದರೂ, ಆಲ್ಫಾ ಮೂಲಕ ರಕ್ತನಾಳ ಬಿಗಿದು ಏರಿದ ಒತ್ತಡಕ್ಕೆ ಮಣಿದು ನಾಡಿ ಇದ್ದಲ್ಲೇ ಇರಬಹುದು, ಇಳಿಯಲೂಬಹುದು. ಬೀಟಾದ ಔಷಧವಾದ ಐಸೊಪ್ರಿನಲಿನ್ ಬೀಟಾ-2 ಮೂಲಕ ರಕ್ತನಾಳಗಳನ್ನು ಸಡಿಲಿಸುವುದರಿಂದ ಅಲ್ಲಿ ಲಗಾಮೂ ಸಡಿಲಾಗಿ ನಾಡಿ ಓಡುತ್ತದೆ. ಬೀಟಾ-1 ಪ್ರಚೋದನೆಯಿಂದ ಹೃದಯದ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಹೆಚ್ಚುತ್ತದೆ, ಪ್ರತಿ ಬಡಿತಕ್ಕೂ ಸ್ನಾಯುವನ್ನು ಸಂಕುಚಿಸುವ ಕ್ಯಾಲ್ಸಿಯಂ ಹೆಚ್ಚು ಒದಗುತ್ತದೆ, ಮತ್ತು ಅದು ಅಷ್ಟೇ ಬೇಗ ಕೋಶದೊಳಗಿನ ಉಗ್ರಾಣಕ್ಕೆ ಮರಳುವುದರಿಂದ ಸ್ನಾಯು ಬೇಗ ಸಡಿಲಗೊಳ್ಳುತ್ತದೆ. ಈ ಕೊನೆಯ ಅಂಶವನ್ನು ಪಾಠ ಮಾಡುವಾಗ ನಾವು ಹಾರಿಸಿಬಿಡುತ್ತೇವೆ, ಆದರೆ ಬೇಗ ಸಡಿಲಗೊಳ್ಳದಿದ್ದರೆ ಓಡುವ ಹೃದಯಕ್ಕೆ ತುಂಬಿಕೊಳ್ಳಲು ಪುರುಸೊತ್ತೇ ಸಿಗದು.

ಈಗ ಟ್ರೇಯಲ್ಲಿ ಎರಡು ಸಿರಿಂಜುಗಳನ್ನು ಲೇಬಲ್ ಹಚ್ಚಿ ಇಟ್ಟುಕೊಂಡಿರುತ್ತೇನೆ. ಬಿಪಿ ಇಳಿದು ನಾಡಿ 90 ದಾಟಿದ್ದರೆ ಫಿನೈಲೆಫ್ರಿನ್. ನಾಡಿಯೂ ಕಡಿಮೆಯತ್ತ ಇದ್ದರೆ, ಬಿಪಿಯ ಜೊತೆ ನಾಡಿಯನ್ನೂ ಏರಿಸುವ ಮೆಫೆಂಟರ್ಮಿನ್ 6 ಮಿಲಿಗ್ರಾಂ. ಎರಡನೆಯದು ಬಹುಮಟ್ಟಿಗೆ ನರತುದಿಗಳಲ್ಲಿನ ನಾರಡ್ರಿನಲಿನ್ ದಾಸ್ತಾನನ್ನೇ ಹೊರಹಾಕಿಸುವುದರಿಂದ ಮತ್ತೆ ಮತ್ತೆ ಕೊಟ್ಟಂತೆ ಮೊದಲಿನಷ್ಟು ನಾಟುವುದಿಲ್ಲ. ನಾಡಿ 50 ಇದ್ದು ಬಿಪಿ 120 ಇದ್ದರೆ ಅಟ್ರೋಪಿನ್ ಮುಟ್ಟದೆ ಬಿಪಿಯ ಗುಂಡಿಯನ್ನೇ ಮತ್ತೊಮ್ಮೆ ಒತ್ತುತ್ತೇನೆ. ನಾಡಿಯ ಜೊತೆ ಬಿಪಿಯೂ ಕುಸಿದಿದ್ದರೆ ತಡಮಾಡದೆ ಅಟ್ರೋಪಿನ್ ಕೊಡುತ್ತೇನೆ.