ಆ್ಯಕ್ಸಿಡೆಂಟ್ ಕೇಸಿಗೆ ವಕೀಲರನ್ನು ಹುಡುಕೋದು ಹೇಗೆ: ಜೆರಾಕ್ಸ್ ಅಂಗಡಿಯವನ ಅನುಭವ

ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. 12 ವರ್ಷದಿಂದ ಕೋರ್ಟಿನ ಕಾಗದವೇ ಜಾಸ್ತಿ ಬರುತ್ತವೆ. ಎಫ್‌ಐಆರ್, ಮಹಜರು, ಗಾಯದ ಸರ್ಟಿಫಿಕೇಟು, ಚಾರ್ಜ್‌ಶೀಟು ಎಲ್ಲ ನನ್ನ ಮೆಷಿನ್ ಮೇಲೆ ಮಲಗೆದ್ದು ಹೋಗಿವೆ. ಮಳೆಗಾಲದಲ್ಲಿ ಯಾವ ವಕೀಲರು ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಾರೆ, ಯಾರು ಒದ್ದೆ ಮುದ್ದೆ ಮಾಡಿಕೊಂಡು ತರುತ್ತಾರೆ ಅನ್ನೋದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮನೆಗೇ ಬಂದಾಗ ನಾನು ಮಂಕಾಗಿಬಿಟ್ಟೆ.

ನಮ್ಮ ಭಾವ ಕೊನೆಗಾರರು, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವರು. 2022ರ ನವೆಂಬರ್, ಕೊನೆ ಕೊಯ್ಲು ಆಗಷ್ಟೇ ಶುರುವಾಗಿತ್ತು. ಮಂಡಗದ್ದೆ ಹತ್ತಿರ ಒಂದು ಪಿಕಪ್ ಗಾಡಿ ಅವರ ಬೈಕಿಗೆ ಗುದ್ದಿತು. ಬಲಗಾಲಿನ ಮೊಣಕಾಲು ಪುಡಿ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ವಾರ್ಡಿಗೆ ಒಬ್ಬ ಬಂದ, ಕೈಯಲ್ಲಿ ಮೂಸಂಬಿ ಚೀಲ. "ಅಕ್ಕಾ, ನೀವು ಒಂದು ರೂಪಾಯಿ ಕೊಡೋದು ಬೇಡ. ನಮ್ಮ ಸರ್ ಬೆಂಗಳೂರಲ್ಲೇ ಕೇಸ್ ಹಾಕ್ತಾರೆ. ಹತ್ತು ಲಕ್ಷ ಗ್ಯಾರಂಟಿ" ಅಂದ. ಅಕ್ಕನಿಗೆ ಅಳು ಬಿಟ್ಟರೆ ಬೇರೇನೂ ತೋಚುತ್ತಿರಲಿಲ್ಲ. ವಕಾಲತ್ತಿಗೆ ಒಂದು ಸಹಿ, ಮೂರು ಖಾಲಿ ಹಾಳೆಗೆ ಮೂರು ಸಹಿ. ಭಾವನಿಗೆ ಪೆನ್ನು ಕೊಟ್ಟವನು ನಾನೇ.

ಹಾಗಾಗಿ ಮೊದಲನೇ ಮಾತು ಇದೇ. ಆಸ್ಪತ್ರೆಗೆ ತಾನಾಗಿ ಹುಡುಕಿಕೊಂಡು ಬಂದವರಿಗೆ ಸಹಿ ಹಾಕಬೇಡಿ. ವಕೀಲರು ಹೀಗೆ ಜನ ಬಿಟ್ಟು ಕೇಸ್ ಹಿಡಿಯುವುದನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ಜಾಹೀರಾತೂ ಕೊಡುವ ಹಾಗಿಲ್ಲ. ಮೊದಲ ಹೆಜ್ಜೆಯಲ್ಲೇ ನಿಯಮ ಮುರಿದವರು ಮುಂದೆ ನಿಮ್ಮ ದುಡ್ಡಿನ ವಿಷಯದಲ್ಲಿ ಹೇಗಿರುತ್ತಾರೆ, ಯೋಚನೆ ಮಾಡಿ. ಇನ್ನು ಖಾಲಿ ಹಾಳೆಗೆ ಸಹಿ ಅಂತೂ ಯಾರು ಕೇಳಿದರೂ ಬೇಡ.

"ಬೆಂಗಳೂರಲ್ಲಿ ಹಾಕಿದ್ರೆ ಜಾಸ್ತಿ ಸಿಗುತ್ತೆ" ಅನ್ನುವ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತ ಆದ ಜಾಗದಲ್ಲಿ ಹಾಕಬಹುದು, ನೀವು ವಾಸ ಇರುವ ಕಡೆ ಹಾಕಬಹುದು, ಎದುರು ಪಾರ್ಟಿ ಇರುವ ಕಡೆಯೂ ಹಾಕಬಹುದು. ಮೊಣಕಾಲು ಮಡಿಸಲು ಬಾರದವರನ್ನು ಸಾಕ್ಷಿ ಹೇಳಲು ರಾತ್ರಿ ಬಸ್ಸಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋಗುವುದು ಯಾಕೆ? ಆಪರೇಷನ್ ಮಾಡಿದ ಡಾಕ್ಟರೂ ಬಂದು ಸಾಕ್ಷಿ ಹೇಳಬೇಕಾಗುತ್ತದೆ. ಅವರಿರುವುದು ಶಿವಮೊಗ್ಗದಲ್ಲಿ.

ನಾಲ್ಕು ತಿಂಗಳಾದರೂ ನಮಗೆ ಕೇಸ್ ನಂಬರ್ ಸಿಗಲಿಲ್ಲ. ಫೋನ್ ಮಾಡಿದಾಗಲೆಲ್ಲ "ಪ್ರೊಸೆಸ್‌ನಲ್ಲಿದೆ" ಅನ್ನುವ ಉತ್ತರ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ, 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಬಂದಿದೆ. ಈ ಗಡುವಿನ ಮೇಲೆ ಸುಪ್ರೀಂ ಕೋರ್ಟಿನವರೆಗೂ ತಕರಾರು ಹೋಗಿದೆ. ಆದರೆ ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ಅರ್ಜಿ ಹಾಕಿದ್ದೇವೆ ಅಂದರೆ ಎಂವಿಸಿ ನಂಬರ್ (ಆ್ಯಕ್ಸಿಡೆಂಟ್ ಪರಿಹಾರದ ಕೇಸಿಗೆ ಕೋರ್ಟ್ ಕೊಡುವ ನಂಬರ್) ಇರಲೇಬೇಕು, ಪ್ರತಿ ಕೇಸಿಗೂ ಬೇರೆ ಬೇರೆಯಾಗಿರುವ 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರೂ ಇರಬೇಕು. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಯಾವಾಗ, ಹಿಂದಿನ ತಾರೀಖಿನಲ್ಲಿ ಏನಾಯಿತು ಎಲ್ಲ ಕಾಣುತ್ತದೆ.

ಎರಡನೇ ಸಲ ಹುಡುಕುವಾಗ ಅವಸರ ಮಾಡಲಿಲ್ಲ. ಅದೇ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿಯೂ ಹುಡುಕಬಹುದು. ಆಸ್ತಿ ಪಾಲು, ಚೆಕ್ ಬೌನ್ಸ್ ಕೇಸುಗಳೇ ತುಂಬಿ ಎಂವಿಸಿ ಒಂದೋ ಎರಡೋ ಇದ್ದರೆ ಅವರು ಒಳ್ಳೆಯ ವಕೀಲರೇ ಇರಬಹುದು, ಆದರೆ ಈ ಕೆಲಸದಲ್ಲಿ ಪಳಗಿದವರಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ಕೋರ್ಟ್ ಹಾಲಿನ ಹಿಂದಿನ ಬೆಂಚು. ಕೋರ್ಟ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಅಂಗಡಿ ತಮ್ಮನಿಗೆ ಬಿಟ್ಟು ಎರಡು ಬೆಳಿಗ್ಗೆ ಕೂತೆ. ಡಾಕ್ಟರ ಸಾಕ್ಷಿ ನಡೆಯುವ ದಿನ ಸಿಕ್ಕಿದರೆ ಬಿಡಬೇಡಿ. ಒಬ್ಬರು ದೊಡ್ಡ ಗಂಟಲಿನಲ್ಲಿ ಮಾತಾಡುತ್ತಿದ್ದರು, ಆದರೆ ಎಕ್ಸ್‌ರೇ ಯಾವ ತಾರೀಖಿನದ್ದು ಅಂತ ಜಡ್ಜ್ ಕೇಳಿದಾಗ ಫೈಲು ತಡಕಾಡಿದರು. ಇನ್ನೊಬ್ಬರು ಮೆತ್ತಗೆ ಮಾತಾಡುವ ಹೆಂಗಸು. ಪುಟದ ನಂಬರ್ ಹೇಳಿ ತೆಗೆದು ತೋರಿಸಿದರು. ನಾವು ಹೋದದ್ದು ಅವರ ಹತ್ತಿರ. ಹೆಸರು ಬರೆಯಲ್ಲ. "ನನಗೆ ಜಾಹೀರಾತು ಮಾಡಬೇಡಿ ಮಾರಾಯರೇ" ಅಂತ ಅವರೇ ಹೇಳಿದ್ದಾರೆ.

ಆ ಮೇಡಂ ಮೊದಲ ದಿನ ಹಣದ ಮಾತೇ ಎತ್ತಲಿಲ್ಲ. ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಕೆಲಸ ಏನು?"

"ಕೊನೆ ತೆಗೀತೀನಿ."

"ದಿನಕ್ಕೆ ಎಷ್ಟು ಮರ ಹತ್ತುತ್ತೀರಿ?"

ಭಾವನಿಗೆ ನಗು ಬಂತು. "ಹತ್ತೋದು ಕಡಿಮೆ ಮೇಡಂ. ಒಂದು ಮರ ಹತ್ತಿದ್ರೆ ತಲೆ ಬಗ್ಗಿಸಿ ಪಕ್ಕದ ಮರ ಹಿಡ್ಕೊಂಡು ಆ ಕಡೆ ದಾಟ್ತೀವಿ. ಇಳಿಯೋದೇ ಇಲ್ಲ."

"ದಾಟುವಾಗ ಕಾಲು ಹೇಗಿರುತ್ತೆ, ತೋರಿಸಿ."

ಭಾವ ಆಫೀಸಿನ ಬಾಗಿಲ ಕಂಬ ಹಿಡಿದು ಎರಡೂ ಮೊಣಕಾಲಲ್ಲಿ ಅವುಚಲು ನೋಡಿದರು. ಎಡಗಾಲು ಕೂತಿತು. ಬಲಗಾಲು ಅರ್ಧಕ್ಕೇ ನಿಂತಿತು, ಮುಂದೆ ಮಡಚಲಿಲ್ಲ. ಮೇಡಂ ಏನೂ ಹೇಳದೆ ಬರೆದುಕೊಂಡರು. ನನಗೆ ಆಗಲೇ ಸಮಾಧಾನ ಆಯಿತು.

ಯಾಕೆ ಅಂದರೆ, ಇಡೀ ಕೇಸು ನಿಂತಿರುವುದೇ ಅಲ್ಲಿ. ಡಾಕ್ಟರು ಕಾಲಿಗೆ ಶೇ. 40 ಊನ, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಶೇ. 13 ಅಂತ ಬರೆದಿದ್ದರು. ತಿಂಗಳ ದುಡಿಮೆ 15,000 ಅಂತ ಹಿಡಿಯಿರಿ. ವರ್ಷಕ್ಕೆ 1,80,000. ಭಾವನಿಗೆ 38 ವರ್ಷ. 36ರಿಂದ 40 ವಯಸ್ಸಿನವರಿಗೆ 15ರಿಂದ ಗುಣಿಸಬೇಕು ಅಂತ 2009ರ ಸರಳಾ ವರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 27 ಲಕ್ಷ ಆಯಿತು. ಅದರಲ್ಲಿ ಶೇ. 13 ಅಂದರೆ 3,51,000. ಮರ ಹತ್ತುವವರ ದುಡಿಮೆ ಅರ್ಧ ಹೋಯಿತು ಅಂತ ಕೋರ್ಟ್ ಒಪ್ಪಿ ಶೇ. 50 ಹಿಡಿದರೆ 13,50,000. ಕಾಲು ಅದೇ, ಮೂಳೆ ಮುರಿದದ್ದೂ ಅಷ್ಟೇ. ಆ ಕಾಲಿನಿಂದ ಅವರು ಏನು ಮಾಡಿ ಬದುಕುತ್ತಿದ್ದರು ಅನ್ನುವುದನ್ನು ಕೋರ್ಟಿಗೆ ತೋರಿಸುವುದರಲ್ಲಿದೆ ಈ ವ್ಯತ್ಯಾಸ. 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನವರು ಇದನ್ನೇ ಬಿಡಿಸಿ ಹೇಳಿದ್ದಾರೆ: ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ದುಡಿಮೆಯೇ ಹೋದ ಹಾಗೆ, ಸರ್ಕಾರಿ ಗುಮಾಸ್ತರಿಗೆ ಕೆಲಸ ಹೋಗದೇ ಇರಬಹುದು. ನೀವು ಮಾತಾಡಿಸುವ ವಕೀಲರು ಈ ತೀರ್ಪಿನ ಹೆಸರು ಕೇಳಿ ಮುಖ ನೋಡಿದರೆ, ಚಹಾ ಕುಡಿದು ಎದ್ದುಬನ್ನಿ.

ಸಂಬಳದ ಚೀಟಿ ನಮಗೆಲ್ಲಿಂದ ಬರಬೇಕು? ಮೇಡಂ ತೋಟದ ಯಜಮಾನರು ಕೂಲಿ ಬರೆದಿಟ್ಟಿದ್ದ ಪುಸ್ತಕ ತರಿಸಿದರು. ಅರಿಶಿನದ ಕೈ ಗುರುತು ಇದ್ದ ಹಳೇ ನೋಟ್ ಪುಸ್ತಕ. ಒಬ್ಬ ಯಜಮಾನರು ಬಂದು ಸಾಕ್ಷಿಯನ್ನೂ ಹೇಳಿದರು.

ಮೇಡಂ ಕಹಿ ಪ್ರಶ್ನೆಗಳನ್ನೂ ಕೇಳಿದರು. ಲೈಸೆನ್ಸ್ ಇತ್ತಾ? ಹೆಲ್ಮೆಟ್? ಅವತ್ತು ಕುಡಿದಿದ್ದಿರಾ? ಅಕ್ಕನಿಗೆ ಸಿಟ್ಟು ಬಂತು. ಆದರೆ ಇನ್ಶೂರೆನ್ಸ್ ಕಂಪನಿಯ ವಕೀಲರು ನಾಳೆ ಕೇಳುವುದೂ ಇದನ್ನೇ. ನಿಮ್ಮ ತಪ್ಪೂ ಇದೆ ಅಂತಾದರೆ ಪರಿಹಾರದಲ್ಲಿ ಅಷ್ಟು ಭಾಗ ಕಡಿತ ಆಗುತ್ತದೆ. ಅಂದಹಾಗೆ, ನೀವೂ ಒಂದು ಕೇಳಿ: "ಯಾವುದಾದರೂ ಇನ್ಶೂರೆನ್ಸ್ ಕಂಪನಿ ಪ್ಯಾನೆಲ್‌ನಲ್ಲಿ ಇದ್ದೀರಾ?" ಎದುರು ಗಾಡಿಯ ಇನ್ಶೂರೆನ್ಸೂ ಅದೇ ಕಂಪನಿಯದ್ದಾದರೆ ಬೇರೆಯವರನ್ನು ನೋಡಿಕೊಳ್ಳಿ.

ಫೀಸಿನ ವಿಷಯ. "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವ ಒಪ್ಪಂದ ನಮ್ಮ ದೇಶದಲ್ಲಿ ವಕೀಲರು ಮಾಡುವ ಹಾಗಿಲ್ಲ. ಅದೂ ಬಾರ್ ಕೌನ್ಸಿಲ್ ನಿಯಮವೇ. ಅಮೆರಿಕದ ಕಡೆ ನಡೆಯುತ್ತದಂತೆ, ಇಲ್ಲಿ ಇಲ್ಲ. ಆದರೂ ಕೇಳುವವರು ಇದ್ದಾರೆ, ನಾನು ಸುಳ್ಳು ಹೇಳಲ್ಲ. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು, ಡಾಕ್ಟರ ಸಾಕ್ಷಿ ಖರ್ಚು ಬೇರೆಯಾ ಅಂತ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪರಿಹಾರದ ಹಣ ಗಾಯ ಆದವರ ಖಾತೆಗೇ ಬರಬೇಕು. ಪಾಸ್‌ಬುಕ್, ಸಹಿ ಹಾಕಿದ ಚೆಕ್ಕು ಯಾರ ಕೈಗೂ ಕೊಡಬೇಡಿ. ಫೀಸಿಗೆ ದುಡ್ಡೇ ಇಲ್ಲ ಅನ್ನುವವರು 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಡಿಮೆ ಇರುವವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ ಅಂತ ಹೇಳಿದರೆ ಅದು ಕೆಟ್ಟದ್ದೇನಲ್ಲ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲಿಲ್ಲ. ಇನ್ನೊಂದು ಆಪರೇಷನ್ ಬಾಕಿ ಇರುವಾಗಲೇ ರಾಜಿಗೆ ಅವಸರ ಮಾಡುವ ವಕೀಲರನ್ನು ಯಾಕೆ ಅಂತ ಕೇಳಿ. ಕೋರ್ಟ್ ತೀರ್ಪೇ ಬಂದರೆ, ಸಾಲದು ಅನ್ನಿಸಿದರೆ ಹೈಕೋರ್ಟಿಗೆ ಹೋಗಲು 90 ದಿನ ಇರುತ್ತದೆ.

ಈಗಾಗಲೇ ತಪ್ಪು ಕಡೆ ಸಹಿ ಹಾಕಿದ್ದರೆ? ವಕೀಲರನ್ನು ಬದಲಾಯಿಸಬಹುದು. ಹಳೇ ವಕೀಲರಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ತರಬೇಕು. ಅವರು ಕೊಡದಿದ್ದರೆ ಹೊಸ ವಕೀಲರು ಕೋರ್ಟಿನ ಅನುಮತಿ ಕೇಳುತ್ತಾರೆ. ನಮ್ಮದು ಕೋರ್ಟಿಗೇ ಹೋಗಿರಲಿಲ್ಲವಲ್ಲ, ಕಾಗದ ವಾಪಸ್ ಪಡೆದರೆ ಸಾಕಿತ್ತು. ಅದಕ್ಕೇ ಮೂರು ಸಲ ಬೆಂಗಳೂರಿಗೆ ಹೋದೆ. ಗಾಯದ ಸರ್ಟಿಫಿಕೇಟು, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒರಿಜಿನಲ್ಲೇ ಅವರ ಹತ್ತಿರ ಇತ್ತು. ಜೆರಾಕ್ಸ್ ಅಂಗಡಿ ಇಟ್ಟುಕೊಂಡು ನಾನು ಒಂದು ಕಾಪಿಯನ್ನೂ ತೆಗೆದಿಟ್ಟಿರಲಿಲ್ಲ. ಅಕ್ಕ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.